ಹದಿನೇಳು ದಿನದ ಸಲಹೆಗಾರ

ಹತ್ತು ವರ್ಷ ಪತ್ರಿಕೆಗೆ ರಾಜಕೀಯ ಬರೆದವನಿಗೆ ಒಂದು ಪಕ್ಷವನ್ನು ಗೆಲ್ಲಿಸುವುದು ಯಾವ ಮಹಾ ಕೆಲಸ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ಎಪ್ಪತ್ತರ ದಶಕದ ಒಂದು ಚುನಾವಣೆಗೆ ಮುಂಚೆ, ವಿಜಯನಗರ ಬಡಾವಣೆಯಲ್ಲಿ ಒಂದು ಪಕ್ಷದ ಅಧ್ಯಕ್ಷರಾಗಿದ್ದ ನಂಜಪ್ಪನವರು "ನಮಗೊಬ್ರು ಸಲಹೆಗಾರರು ಬೇಕು ಸಾರ್" ಎಂದದ್ದೇ ತಡ, ಕೆಲಸಕ್ಕೆ ರಾಜೀನಾಮೆ ಬಿಸಾಕಿ ಬಂದೆ.

ಗೋವಿಂದರಾಜನಗರದಲ್ಲಿ ಹಿಟ್ಟಿನ ಗಿರಣಿಯ ಮೇಲಿನ ಕೋಣೆಯೇ ಪಕ್ಷದ ಕಚೇರಿ. ಗಿರಣಿ ಓಡುವಾಗ ನನ್ನ ಸಲಹೆ ಯಾರಿಗೂ ಕೇಳಿಸುತ್ತಿರಲಿಲ್ಲ. ನಿಂತಾಗ ಯಾರೂ ಕೇಳುತ್ತಿರಲಿಲ್ಲ!

ಹದಿನೈದನೆಯ ದಿನ ನಂಜಪ್ಪನವರು ಎದುರು ಪಕ್ಷದವರ ಕರಪತ್ರವೊಂದನ್ನು ನನ್ನ ಮೇಜಿನ ಮೇಲೆ ಕುಕ್ಕಿದರು.

"ನೋಡಿ ಸಾರ್, ನಮ್ಮ ಮಾನ ಹರಾಜು ಹಾಕವ್ರೆ. ಇವತ್ತೇ ಉತ್ತರ ಬರೀರಿ."

ಓದಿ ಮೈಯೆಲ್ಲ ಉರಿಯಿತು. 'ಈ ಪಕ್ಷದವರು ಬೀದಿಬೀದಿಗೆ ನಲ್ಲಿ ಹಾಕಿಸಿದರು; ನೀರು ಬಿಡಿಸುವುದನ್ನು ಮಾತ್ರ ಮರೆತರು' ಎಂದಿತ್ತು. ಎಂಥ ಉದ್ಧಟತನ! ಕೂತಲ್ಲೇ ಉತ್ತರ ಬರೆದೆ: 'ಇದನ್ನು ಬರೆದವನಿಗೆ ವಿವೇಕವಿಲ್ಲ, ನೀತಿಯಿಲ್ಲ, ವ್ಯಾಕರಣವಂತೂ ಇಲ್ಲವೇ ಇಲ್ಲ. ಇಂಥವನ ಕೈಗೆ ಲೇಖನಿ ಕೊಟ್ಟವರಾರು?' ಕೆಳಗೆ ದಪ್ಪಕ್ಷರದಲ್ಲಿ ನನ್ನ ಹೆಸರು. ಮರುದಿನ ಮಧ್ಯಾಹ್ನದೊಳಗೆ ಅದು ರಾಜಾಜಿನಗರದವರೆಗೂ ಹಂಚಿಹೋಯಿತು.

ಸಂಜೆ ಎರಡೂ ಕಾಗದಗಳನ್ನು ಹೆಂಡತಿ ಸರೋಜಳ ಮುಂದೆ ಹೆಮ್ಮೆಯಿಂದ ಇಟ್ಟೆ. ಓದಿದಳು. ನಕ್ಕಳು.

"ಇದು ನೀವೇ ಬರೆದಿದ್ದಲ್ವೇನ್ರೀ?"

"ಹೌದು. ಉತ್ತರ ಹೇಗಿದೆ?"

"ಉತ್ತರ ಅಲ್ಲಾರೀ. ಬೈಸ್ಕೊಂಡಿದೆಯಲ್ಲ, ಅದು!"

ಅಡುಗೆಮನೆಗೆ ಹೋಗಿ, ಖಾರದಪುಡಿ ಡಬ್ಬದಡಿ ಹಾಸಿದ್ದ ಹಳೆಯ ಪತ್ರಿಕೆಯನ್ನು ಎಳೆದು ತಂದಳು. ಐದು ವರ್ಷದ ಹಿಂದೆ ಇದೇ ನಂಜಪ್ಪನವರ ಪಕ್ಷವನ್ನು ಗೇಲಿ ಮಾಡಿ ನಾನು ಬರೆದ ಅಂಕಣ! ಆಗ ನಮ್ಮ ಪತ್ರಿಕೆಯಲ್ಲಿ ಅಂಕಣಕ್ಕೆ ಹೆಸರು ಹಾಕುತ್ತಿರಲಿಲ್ಲ. ಎದುರು ಪಕ್ಷದವರು ಅದನ್ನು ಒಂದಕ್ಷರ ಬಿಡದೆ ಎತ್ತಿದ್ದರು. ಕಳ್ಳರು! ಕೇಳುವ ಸೌಜನ್ಯವೂ ಬೇಡವೇ?

"ಆವತ್ತು ನನಗೆ ಎರಡು ಸಲ ಓದಿ ಹೇಳಿದ್ರಿ. ವ್ಯಾಕರಣ ಸರಿಯಾಗೇ ಇತ್ತು," ಎಂದಳು ಸರೋಜ.

ಬೇರೆಯವರು ಹೇಳುವ ಮೊದಲು ನಾನೇ ಒಪ್ಪಿಕೊಳ್ಳೋಣವೆಂದು ಮರುದಿನ ಬೆಳಿಗ್ಗೆಯೇ ಕಚೇರಿಗೆ ಹೋದೆ. ನಂಜಪ್ಪನವರೇ ಮೊದಲು ಬಾಯಿ ತೆರೆದರು.

"ಬೇಜಾರು ಮಾಡ್ಕೋಬೇಡಿ ಸಾರ್. ನಿಮ್ಮ ಉತ್ತರದಲ್ಲಿ ಜೀವ ಇಲ್ಲ. ಆ ಕರಪತ್ರ ಬರೆದೋನು ನೋಡಿ, ಅವನು ಬರಹಗಾರ! ಹೆಂಗಾದ್ರೂ ಹುಡುಕಿ ಕರ್ಕೊಂಡು ಬನ್ನಿ. ನಿಮ್ಮ ಜಾಗದಲ್ಲಿ ಕೂರಿಸ್ತೀನಿ."

"ಅದನ್ನ ಬರೆದೋನು ನಾನೇ!" ಎಂದು ಕೂಗಿದೆ.

ಅವರು ಕನಿಕರದಿಂದ ನನ್ನ ಭುಜ ತಟ್ಟಿದರು.

"ಕೆಲಸ ಹೋಗುತ್ತೆ ಅಂತ ಇಂಥಾ ಸುಳ್ಳು ಹೇಳ್ಬಾರ್ದು ಸಾರ್. ನೀವು ವಿದ್ಯಾವಂತರು."

ಕುದಿಯುತ್ತಾ ಮೆಟ್ಟಿಲಿಳಿದೆ. ಕೆಲಸ ಹೋದದ್ದಕ್ಕಲ್ಲ ಸಿಟ್ಟು. ನನ್ನ ಬರಹವನ್ನು ಅಷ್ಟು ಮನಸಾರೆ ಹೊಗಳಿದವರು ಈವರೆಗೆ ಅವರೊಬ್ಬರೇ. ಅದೂ, ಬರೆದವನು ನಾನಲ್ಲ ಎಂಬ ಭರವಸೆಯ ಮೇಲೆ!