ಒಂದು ಚೀಲ ಜೋಳ, ಎರಡು ತಾಲೂಕು

ಖಾಲಿ ಬಸ್ಸು ಕಂಡರೆ ನನಗೆ ಹೆದರಿಕೆ. ತುಂಬಿದ ಬಸ್ಸಾದರೆ ಚಿಂತೆಯಿಲ್ಲ, ಜನ ನೂಕಿದ ಕಡೆ ಹೋಗಿ ನಿಂತುಬಿಡುತ್ತೇನೆ. ಖಾಲಿ ಬಸ್ಸಿನಲ್ಲಿ ಮಾತ್ರ ಎಲ್ಲಿ ಕೂರಬೇಕೆಂದು ನಾನೇ ತೀರ್ಮಾನಿಸಬೇಕು. ಎಡಗಡೆ ಬಿಸಿಲು, ಬಲಗಡೆ ಕಿಟಕಿಯ ಗಾಜು ಮೇಲೇರುವುದಿಲ್ಲ, ಹಿಂದೆ ಕುಲುಕಾಟ, ಮುಂದೆ ಡ್ರೈವರನ ರೇಡಿಯೋ. ಹೀಗೆ ತೂಗಿ ನೋಡುತ್ತ ಕಂಬಿ ಹಿಡಿದು ನಿಂತಿರುವಾಗಲೇ ಇಳಿಯುವ ಜಾಗ ಬಂದುಬಿಡುತ್ತದೆ. ಇಂಥ ಮನುಷ್ಯ ಮುರ್ಮುಗಾಂವ್ ಬಂದರಿನಲ್ಲಿ ಕೂಲಿಕಾರರ ಮುಕಾದಮ ಎಂದರೆ ಯಾರೂ ನಂಬುವುದಿಲ್ಲ. ಆದರೆ ಖರೇ. ನೀನು ಅಲ್ಲಿ ನಿಲ್ಲು, ನೀನು ಇಲ್ಲಿ ಹಿಡಿ, ನೀನು ಹಗ್ಗ ಬಿಡು ಎಂದು ಕಣ್ಣು ಮಿಟುಕಿಸದೆ ಆಜ್ಞೆ ಮಾಡುತ್ತೇನೆ. ಬೇರೆಯವರನ್ನು ಎಲ್ಲಿ ನಿಲ್ಲಿಸಬೇಕೆಂಬುದು ನನಗೆ ಚೆನ್ನಾಗಿ ಗೊತ್ತು. ನಾನು ಎಲ್ಲಿರಬೇಕೆಂಬುದೇ ಗೊತ್ತಾಗುವುದಿಲ್ಲ.

ಈ ರೋಗ ಬಸ್ಸಿಗಷ್ಟೇ ಸೀಮಿತವಾಗಿದ್ದರೆ ಬರೆಯುವ ಅಗತ್ಯವಿರಲಿಲ್ಲ. ಈ ಮಳೆಗಾಲದಲ್ಲಿ ನಮ್ಮ ವಾಸ್ಕೋದ ಬಾಡಿಗೆ ಮನೆಯ ಮಾಲೀಕ ಲುಯಿಸ್ ಬಾಬ್ ಒಂದು ಸಂಜೆ ಅಂಗಳದಲ್ಲಿ ಬಂದು ನಿಂತರು. ಬಹಳ ಒಳ್ಳೆಯ ಮುದುಕ. ಮಾಡಿನ ತೊಲೆಗಳನ್ನು ಹುಳುಗಳು ತಿಂದಿವೆ, ಮನೆ ಕೆಡವಿ ಕಟ್ಟಿಸಬೇಕು, ಅವಸರವೇನಿಲ್ಲ, ನಾತಾಳಕ್ಕೆ ಮುಂಚೆ ಬೇರೆ ಮನೆ ನೋಡಿಕೊಂಡರೆ ಸಾಕು ಎಂದು ಅರ್ಧ ಹಿಂದಿ, ಅರ್ಧ ಕೊಂಕಣಿಯಲ್ಲಿ ನಾಚಿಕೊಂಡೇ ಹೇಳಿದರು. ಅವಸರವಿದ್ದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಕ್ರಿಸ್ಮಸ್ಸಿನವರೆಗೆ ವಿಚಾರ ಮಾಡಲು ಅವಕಾಶ ಕೊಟ್ಟದ್ದೇ ಅನಾಹುತಕ್ಕೆ ಕಾರಣವಾಯಿತು.

ವಾಸ್ಕೋದಲ್ಲೇ ಇನ್ನೊಂದು ಮನೆ ಹಿಡಿಯೋಣವೆಂದರೆ ಬಾಡಿಗೆ ಕೇಳಿಯೇ ಎದೆ ಹಿಡಿದುಕೊಳ್ಳುವಂತಾಯಿತು. ಉಳಿದ ದಾರಿ ಎರಡು, ಎರಡೂ ಬೇರೆ ಬೇರೆ ತಾಲೂಕು. ಒಂದು ಕುಡಚಡೆ. ಅಲ್ಲಿ ನಮ್ಮೂರಿನ ಯಲ್ಲಪ್ಪ ಕಾಕಾ ಅದಿರಿನ ಲಾರಿ ಓಡಿಸುತ್ತ ನೆಲೆಸಿದ್ದಾನೆ. ಬಾಡಿಗೆ ಕಡಿಮೆ, ಬೆಳಗಿನ ಪ್ಯಾಸೆಂಜರ್ ರೈಲು ಹಿಡಿದರೆ ಬಂದರಿನ ಕೆಲಸವೂ ಉಳಿಯುತ್ತದೆ. ಇನ್ನೊಂದು ಕಾಣಕೋಣ. ಅಲ್ಲಿ ನನ್ನ ಹೆಂಡತಿ ಶಾಂತವ್ವನ ಚಿಕ್ಕಪ್ಪನ ಮಗಳು ರೇಣವ್ವ ಸಮುದ್ರದಂಡೆಯಲ್ಲಿ ಮಣಿಸರ, ಕಸೂತಿ ಚೀಲ ಮಾರುತ್ತಾಳೆ. ಬಾಡಿಗೆ ಅಲ್ಲಿಯೂ ಕಡಿಮೆ, ಆದರೆ ಬಂದರು ಬಿಟ್ಟು ನಾನೂ ಮಣಿಸರ ಮಾರಬೇಕಾಗುತ್ತದೆ. ಮಗಳು ಮದುವೆಯಾಗಿ ಗದಗ ಸೇರಿದ್ದರಿಂದ ಶಾಲೆ ಕಾಲೇಜಿನ ಪ್ರಶ್ನೆ ಇರಲಿಲ್ಲ. ಇದ್ದಿದ್ದರೆ ಈ ಪ್ರಬಂಧವನ್ನು ನಾನು ಆಸ್ಪತ್ರೆಯಿಂದ ಬರೆಯಬೇಕಾಗುತ್ತಿತ್ತೇನೋ.

ಕೆಲಸದ ನಡುವೆ ಚಹಾ ಕುಡಿಯುವಾಗಲೆಲ್ಲ ಸಲಹೆ ಕೇಳತೊಡಗಿದೆ. ಕುಡಚಡೆಯಲ್ಲಿ ಇದ್ದು ಬಂದವರು ಕಾಣಕೋಣಕ್ಕೆ ಹೋಗು ಎಂದರು, ಕಾಣಕೋಣದಲ್ಲಿ ಇದ್ದು ಬಂದವರು ಕುಡಚಡೆಗೆ ಹೋಗು ಎಂದರು. ಎರಡೂ ಕಡೆ ಇರದವರು ಎರಡೂ ಭಾಳ ಚಲೋ ಎಂದರು. ದೂರದ ಬೆಟ್ಟ ನುಣ್ಣಗೆ ಎಂಬುದು ಆಗ ನನಗೆ ಹೊಳೆಯಲಿಲ್ಲ, ಎಲ್ಲರ ಮಾತನ್ನೂ ಸಮನಾಗಿ ನಂಬಿದೆ. ಒಬ್ಬ ಕಾಣಕೋಣದ ಪರವಾಗಿ, ಗಡಿ ಆಚೆಗಿಂತ ಅಲ್ಲಿ ಪೆಟ್ರೋಲ್ ಅಗ್ಗ ಎಂದ. ಅದೇ ಗುಂಗಿನಲ್ಲಿ ಎರಡು ದಿನ ಕಳೆದೆ. ಮೂರನೆಯ ದಿನ ನನ್ನ ಹತ್ತಿರ ಇರುವುದು ಸೈಕಲ್ ಎಂಬುದು ನೆನಪಾಯಿತು. ಇನ್ನೊಬ್ಬ ಮನೆಪಟ್ಟಿಯ ವಿಷಯ ತೆಗೆದ. ಒಂದು ಕಡೆ ಪಂಚಾಯತಿ, ಇನ್ನೊಂದು ಕಡೆ ಮುನಸಿಪಾಲ್ಟಿ, ಕಸದ ಪಟ್ಟಿ ಬೇರೆ, ನೀರಿನದು ಬೇರೆ ಎಂದು ಬೆರಳು ಮಡಚುತ್ತ ಹೋದ. ಇವನ್ನೆಲ್ಲ ಕಟ್ಟುವವರು ಮಾಲೀಕರೋ ಬಾಡಿಗೆಯವರೋ ಎಂದು ಕೇಳಿದೆ. ಅವನು ಮಡಚಿದ ಬೆರಳುಗಳನ್ನು ಬಿಚ್ಚುತ್ತ, "ಅದನ್ನ ನಾ ವಿಚಾರ ಮಾಡಿಲ್ರಿ ಮುಕಾದಮ್ರ, ಕೇಳಿ ಹೇಳ್ತೇನಿ" ಎಂದ. ಅವನು ಇನ್ನೂ ಕೇಳುತ್ತಲೇ ಇದ್ದಾನೆ. ಮೊಬೈಲಿನಲ್ಲಾದರೂ ಉತ್ತರ ಸಿಗಬಹುದೆಂದು ಹುಡುಕಿದರೆ, ಕರಿ ಕನ್ನಡಕ ಹಾಕಿದ ಒಬ್ಬ ಹುಡುಗ ಗೋವಾದಲ್ಲಿ ನೆಮ್ಮದಿಯಾಗಿ ಬದುಕಲು ಈಜುಕೊಳವಿರುವ ಮನೆಯೇ ಬೇಕು ಎಂದು ಹೇಳುತ್ತಿದ್ದ.

ದೂಳಿನ ಲೆಕ್ಕವನ್ನೂ ಹಾಕಿದೆ. ವಾಸ್ಕೋದಲ್ಲಿ ಒಣಹಾಕಿದ ಬಿಳಿ ಪಂಚೆ ಬಂದರಿನ ಕಲ್ಲಿದ್ದಲಿಗೆ ಕಪ್ಪಾಗುತ್ತದೆ, ಕುಡಚಡೆಯಲ್ಲಿ ಅದಿರಿಗೆ ಕೆಂಪಾಗುತ್ತದೆ, ಕಾಣಕೋಣದ ಸಮುದ್ರದ ಗಾಳಿಯಲ್ಲಿ ಅದು ಒಣಗುವುದೇ ಇಲ್ಲ. ಈ ಮೂರರಲ್ಲಿ ಯಾವುದು ವಾಸಯೋಗ್ಯವೆಂದು ಒಂದು ರಾತ್ರಿ ಊಟಕ್ಕೆ ಕುಳಿತಾಗ ಶಾಂತವ್ವನನ್ನು ಕೇಳಿದೆ. ಅವಳು ಹಂಚಿನ ಮೇಲಿನ ರೊಟ್ಟಿ ತಿರುವುತ್ತ, "ನೀವು ಪಂಚೆ ಉಡೂದ್ಯಾವಾಗ? ಪ್ಯಾಂಟ ಹಾಕ್ಕೊಂಡ ಅಡ್ಡಾಡಾವ್ರು. ಇಷ್ಟೆಲ್ಲಾ ಯಾಕ ಬೇಕ್ರಿ? ಆ ಊರ ಗಿರಣ್ಯಾಗ ಜ್ವಾಳ ಬೀಸಿ, ಆ ಊರ ನೀರಾಗ ನಾದಿ, ಒಂದ ರೊಟ್ಟಿ ಬಡದು ನೋಡಿದ್ರ ತಿಳೀತೈತಿ, ಬಾಳೇವು ಆಗೂ ಊರೋ ಅಲ್ಲೋ" ಎಂದಳು.

ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಗೋವಾದ ಗಿರಣಿಗಳೆಂದರೆ ಗೋದಿ, ಅಕ್ಕಿ, ರಾಗಿ ಬೀಸುವಂಥವು. ಅಕ್ಕಿ ಬೀಸಿದ ಕಲ್ಲಿಗೇ ಜೋಳ ಹಾಕಿದರೆ ಹಿಟ್ಟು ಕೆಡುತ್ತದೆ. ಜೋಳದ ಹಿಟ್ಟಿಗೆ ಜಿಗಿ ಇರಬೇಕು, ಎಂದರೆ ಬಡಿಯುವಾಗ ಅಂಚು ಒಡೆಯದಂತೆ ಒಂದನ್ನೊಂದು ಹಿಡಿದುಕೊಳ್ಳುವ ಗುಣ. ಜಿಗಿ ಇಲ್ಲದಿದ್ದರೆ ರೊಟ್ಟಿ ಬಿರಿಯುತ್ತದೆ, ರೊಟ್ಟಿ ಬಿರಿದರೆ ನಮ್ಮ ಕಡೆಯ ಹೆಣ್ಣುಮಗಳ ಮುಖ ಬಿರಿಯುತ್ತದೆ, ಆಮೇಲೆ ಆ ಮನೆಯಲ್ಲಿ ಯಾರಿಗೂ ನೆಮ್ಮದಿ ಇರುವುದಿಲ್ಲ. ವಾಸ್ಕೋಗೆ ಬಂದ ಹೊಸದರಲ್ಲಿ ಶಾಂತವ್ವ ಗಿರಣಿಗಳನ್ನು ಹುಡುಕಿ ಹುಡುಕಿ ಅತ್ತದ್ದನ್ನು ನಾನು ಕಂಡಿದ್ದೇನೆ. ಕಡೆಗೆ ಸಿಕ್ಕ ಒಂದು ಗಿರಣಿಯ ಮುಂದೆ, ಜೋಳಕ್ಕೆಂದೇ ಮೀಸಲಾದ ಮಂಗಳವಾರ, ನಮ್ಮ ಕಡೆಯ ಹೆಂಗಸರು ಡಬ್ಬಿ ಹಿಡಿದು ಸಾಲಾಗಿ ಕೂರುತ್ತಾರೆ. ಅವಳ ವಾಸ್ಕೋ ಎಂದರೆ ಆ ಸಾಲೇ. ಅದು ಕೈಬಿಟ್ಟು ಹೋಗುತ್ತದೆಂಬ ಸಂಕಟ ಅವಳಿಗಿತ್ತು. ನಾನು ಪೆಟ್ರೋಲಿನ ದರ ಕೇಳುತ್ತ ತಿರುಗುವಾಗ ಅದು ನನಗೆ ತೋಚಲಿಲ್ಲ.

ನನಗೆ ಈ ಪರೀಕ್ಷೆ ಬಹಳ ಹಿಡಿಸಿತು. ಮುಖ್ಯವಾಗಿ ತೀರ್ಮಾನ ನನ್ನ ಮೇಲಿಂದ ರೊಟ್ಟಿಯ ಮೇಲೆ ಬಿತ್ತಲ್ಲ. ಅಷ್ಟರಲ್ಲಿ ಮನೆಯಲ್ಲಿ ಹಳೆಯ ಜೋಳವೂ ಮುಗಿದಿತ್ತು. ನಾನೇ ಹೊಸ ಚೀಲ ತಂದೆ. ಯಾವಾಗಲೂ ತರುವ ಅಂಗಡಿ ಬಿಟ್ಟು, ಹೇಗೂ ಮಿತವ್ಯಯದ ವಿಚಾರದಲ್ಲಿದ್ದೇನಲ್ಲ ಎಂದು, ಅಗ್ಗಕ್ಕೆ ಕೊಡುವ ಬೇರೆ ಅಂಗಡಿ ಹುಡುಕಿ ತಂದಿದ್ದೆ. ಶಾಂತವ್ವ ಚೀಲದ ಬಾಯಿ ಬಿಚ್ಚಿ, ಕುಡಚಡೆಗೊಂದು ಕಾಣಕೋಣಕ್ಕೊಂದು ಎಂದು ಎರಡು ಗಂಟು ಕಟ್ಟಿದಳು. ಪರೀಕ್ಷೆ ಮುಗಿಯುವತನಕ ಮನೆಯಲ್ಲಿ ಬರೀ ಅನ್ನ. ರವಿವಾರ ಪ್ಯಾಸೆಂಜರ್ ಹತ್ತಿದೆವು.

ಕುಡಚಡೆಯಲ್ಲಿ ಯಲ್ಲಪ್ಪ ಕಾಕಾ ಸ್ಟೇಶನ್ನಿಗೇ ಬಂದಿದ್ದ. ಅವನ ಹೆಂಡತಿ ಕಮಲವ್ವ ಕಾಕು ನಮ್ಮನ್ನು ಗಿರಣಿಗೆ ಕರೆದುಕೊಂಡು ಹೋಗಿ, ಮೊದಲು ಯಾರದೋ ಜೋಳ ಬೀಸಿಸಿ ಕಲ್ಲು ಹದಕ್ಕೆ ತರಿಸಿ, ಆಮೇಲೆ ನಮ್ಮ ಗಂಟು ಹಾಕಿಸಿದಳು. ಮನೆಗೆ ಬಂದು ಶಾಂತವ್ವ ಬಿಸಿನೀರು ಹಾಕಿ ನಾದಿ ರೊಟ್ಟಿ ಬಡಿದಳು. ಅಂಗೈಯಗಲ ಆಗುವುದರೊಳಗೆ ಅಂಚು ಸೀಳಿತು. ಮತ್ತೊಂದು ಬಡಿದಳು, ಅದು ಹಂಚಿಗೆ ಹೋಗುವ ದಾರಿಯಲ್ಲೇ ಎರಡಾಯಿತು.

"ಈ ಊರ ನೀರ ಸರಿ ಇಲ್ಲ ಕಾಣಸ್ತೈತಿ" ಎಂದಳು ಶಾಂತವ್ವ.

"ನೀರಿಗೇನಾಗೈತಿ ಯವ್ವಾ? ನಾವು ದಿನಾ ಇದ ನೀರಾಗ ಬಡೀತೇವಿ" ಎಂದಳು ಕಾಕು. "ಕುಣಿಯಾಕ ಬರದಾಕಿ ನೆಲ ಡೊಂಕ ಅಂದ್ಲಂತ."

ಕಾಕಾ ಕೆಮ್ಮಿದ. ನಾನು ಗೋಡೆಯ ಮೇಲಿನ ಕ್ಯಾಲೆಂಡರ್ ಓದತೊಡಗಿದೆ. ಕಾಕು ಎದ್ದು ಬಂದು ನಮ್ಮ ಹಿಟ್ಟನ್ನು ಚಿಟಿಕೆಯಲ್ಲಿ ತಿಕ್ಕಿ ನೋಡಿದಳು. ಮೂಸಿದಳು. ನನ್ನ ಕಡೆ ಒಮ್ಮೆ ನೋಡಿದಳು. ಆಮೇಲೆ ಏನೂ ಮಾತಾಡದೆ ತನ್ನ ಬುಟ್ಟಿಯಿಂದಲೇ ರೊಟ್ಟಿ ತೆಗೆದು ಎಲ್ಲರಿಗೂ ಬಡಿಸಿದಳು. ಹೊರಡುವಾಗ ತಮ್ಮ ಮನೆಯ ಜೋಳದ ಒಂದು ಗಂಟನ್ನು ಶಾಂತವ್ವನ ಚೀಲದಲ್ಲಿ ತುರುಕಿ, "ನಿಮ್ಮ ವಾಸ್ಕೋದಾಗ ಬೀಸಿ ನೋಡು" ಎಂದಳು. ಶಾಂತವ್ವ ಸಿಟ್ಟಿನಲ್ಲಿ ಆ ಗಂಟನ್ನು ಮನೆಗೆ ಬಂದು ಗೋಡೆಯ ಮಾಡದಲ್ಲಿ ಇಟ್ಟವಳು ಮತ್ತೆ ಮುಟ್ಟಲಿಲ್ಲ. ಕುಡಚಡೆ ನಪಾಸಾಯಿತು.

ಮುಂದಿನ ರವಿವಾರ ಕಾಣಕೋಣ. ರೇಣವ್ವ ಬಹಳ ಅಕ್ಕರೆಯಿಂದ ಬರಮಾಡಿಕೊಂಡಳು. "ಮಾಮಾ, ನಿಮ್ಮ ದನಿ ದೊಡ್ಡದೈತಿ, ದಂಡೀಮ್ಯಾಲೆ ಸರ ಮಾರಾಕ ಭಾಳ ಚಲೋ ಆಕ್ಕೈತಿ" ಎಂದು ನನ್ನ ಭವಿಷ್ಯವನ್ನೂ ಗೊತ್ತುಮಾಡಿದಳು. ಗಿರಣಿ ಇತ್ತು, ನೀರು ಸಿಹಿಯಾಗಿತ್ತು, ಅಂಗಳದಲ್ಲಿ ನಿಂತರೆ ಸಮುದ್ರದ ಸದ್ದು ಕೇಳುತ್ತಿತ್ತು. ರೊಟ್ಟಿ ಬಿರಿಯಿತು. ಇಲ್ಲಿಯ ಉಪ್ಪುಗಾಳಿಯೇ ಕಾರಣ ಎಂದು ನಾನು ಹೇಳುವಷ್ಟರಲ್ಲಿ ರೇಣವ್ವ ತನ್ನ ಡಬ್ಬಿಯ ಹಿಟ್ಟು ತೆಗೆದು, ಚಂದ್ರನಂಥ ರೊಟ್ಟಿ ಬಡಿದು ಹಂಚಿಗೆ ಹಾಕಿದಳು. ಅದು ಉಬ್ಬಿತು. "ಅಕ್ಕಾ, ನಿನ್ನ ಕೈ ರೊಟ್ಟಿ ಮರತಾವ" ಎಂದು ನಕ್ಕಳು. ತಮಾಷೆಗೆಂದೇ ಹೇಳಿದ್ದು. ಬಸ್ಸಿನಲ್ಲಿ ವಾಪಸು ಬರುವಾಗ ಶಾಂತವ್ವ ಬಹಳ ಹೊತ್ತು ಕಿಟಕಿಯಾಚೆ ನೋಡುತ್ತಿದ್ದವಳು ತನ್ನ ಎರಡೂ ಅಂಗೈಗಳನ್ನು ತೊಡೆಯ ಮೇಲೆ ಬಿಡಿಸಿಟ್ಟುಕೊಂಡು, "ಖರೇನ ನನ್ನ ಕೈ ಕೆಟ್ಟಾವೇನ್ರಿ?" ಎಂದು ಕೇಳಿದಳು. ನನಗೆ ಬಹಳ ದುಃಖವಾಯಿತು. ನಿನ್ನ ಕೈಗೆ ಏನೂ ಆಗಿಲ್ಲ, ಊರುಗಳೇ ಸರಿಯಿಲ್ಲ ಎಂದೆ. ಹಾಗೆ ಹೇಳುತ್ತಿದ್ದಂತೆ ಅದೇ ಸರಿಯಾದ ತೀರ್ಮಾನ ಅನ್ನಿಸಿತು. ಎರಡೂ ತಾಲೂಕುಗಳು ವಾಸಯೋಗ್ಯವಲ್ಲ, ಆದ್ದರಿಂದ ನಾವು ವಾಸ್ಕೋ ಬಿಡಬಾರದು.

ಬಸ್ಸು ಇಳಿದವನೇ ಆ ಹುರುಪಿನಲ್ಲಿ ಲುಯಿಸ್ ಬಾಬ್‌ರ ಮನೆಗೆ ಹೋದೆ. ಅವರು ಕೋಳಿಗಳನ್ನು ಗೂಡಿಗೆ ಓಡಿಸುತ್ತಿದ್ದರು. "ಘರ್ ಮೆಳ್ಳೆಂ?" ಎಂದು, ಮನೆ ಸಿಕ್ಕಿತೇ ಎಂದು ಆಸೆಯಿಂದ ಕೇಳಿದರು. ಕುಡಚಡೆಯ ನೀರಿಗೂ ಕಾಣಕೋಣದ ಗಾಳಿಗೂ ಜೋಳದ ಹಿಟ್ಟು ಹೊಂದುವುದಿಲ್ಲ, ಹಾಗಾಗಿ ನಾವು ಇಲ್ಲೇ ಇರಬೇಕಾಗುತ್ತದೆ, ಮನೆ ಕೆಡವದೆ ತೊಲೆಗಳನ್ನಷ್ಟೇ ಬದಲಿಸಲು ಬರುತ್ತದೆಯೇ ಎಂದು ನನ್ನ ಹಿಂದಿಯಲ್ಲಿ ವಿವರಿಸಿದೆ. ಮುದುಕ ಒಂದು ಕೋಳಿಯನ್ನು ಕಂಕುಳಲ್ಲಿ ಹಿಡಿದುಕೊಂಡು ಕೊನೆಯತನಕ ಕೇಳಿದರು. "ಭಾಕರಿ ಕೆ ಲಿಯೆ?" ಎಂದು, ಬರೀ ರೊಟ್ಟಿಗಾಗಿಯೇ ಎಂದು ಒಮ್ಮೆ ಖಚಿತಪಡಿಸಿಕೊಂಡರು. ಇಂಜಿನಿಯರನನ್ನು ಕೇಳಿ ನೋಡುತ್ತೇನೆ ಎಂದರು. ನನ್ನ ಗೊಂದಲ ಅವರಿಗೂ ತಗುಲಿದ್ದು ಮುಖದಲ್ಲಿ ಕಾಣುತ್ತಿತ್ತು.

ಮಂಗಳವಾರ ಬಂತು. ಶಾಂತವ್ವ ಅದೇ ಚೀಲದ ಜೋಳ ತುಂಬಿಕೊಂಡು ತನ್ನದೇ ಗಿರಣಿಗೆ ಹೋಗಿ, ತನ್ನದೇ ಸಾಲಿನಲ್ಲಿ ಕೂತು ಬೀಸಿಸಿಕೊಂಡು ಬಂದಳು. ತನ್ನದೇ ಒಲೆ, ತನ್ನದೇ ಹಂಚು, ನಮ್ಮದೇ ನಳದ ನೀರು. ನಾನು ತಾಟಿನಲ್ಲಿ ಶೇಂಗಾ ಚಟ್ನಿ ಹಾಕಿಕೊಂಡು ಕಾಯುತ್ತಿದ್ದೆ. ಬಡಿಯುವ ಸದ್ದು ನಡುವೆಯೇ ನಿಂತಿತು.

ತಿರುಗಿ ನೋಡಿದರೆ ರೊಟ್ಟಿ ಮೂರು ತುಂಡಾಗಿ ಬಿದ್ದಿತ್ತು. ಶಾಂತವ್ವ ಎದ್ದು ಚೀಲದ ಹತ್ತಿರ ಹೋಗಿ ಒಂದು ಹಿಡಿ ಜೋಳ ತೆಗೆದಳು. ಬೆಳಕಿಗೆ ಹಿಡಿದಳು, ಮೂಸಿದಳು, ಎರಡು ಕಾಳು ಹಲ್ಲಿಗೆ ಹಾಕಿ ಕಡಿದಳು. ಆಮೇಲೆ ಬಹಳ ಶಾಂತವಾಗಿ ಕೇಳಿದಳು, "ರೀ, ಈ ಚೀಲ ಎಲ್ಲಿಂದ ತಂದ್ರಿ?"

ನಾನು ಅಂಗಡಿಯ ಹೆಸರು ಹೇಳಿದೆ.

"ಯಾವಾಗಿನ ಜ್ವಾಳ ಅಂತ ಕೇಳಿದ್ರಿ?"

"ಅಗ್ಗ ಇತ್ತು" ಎಂದೆ. ಅದು ಅವಳ ಪ್ರಶ್ನೆಗೆ ಉತ್ತರವಲ್ಲವೆಂದು ನನಗೂ ಗೊತ್ತಿತ್ತು.

"ಹಳೇವು. ಅದರಾಗ ಮಳ್ಯಾಗ ತೊಯ್ದಾವ" ಎಂದಳು. ಅಷ್ಟು ಹೇಳಿ ಗೋಡೆಯ ಮಾಡದಿಂದ ಕಮಲವ್ವ ಕಾಕುವಿನ ಗಂಟು ಇಳಿಸಿದಳು. ಅದನ್ನು ಹಿಡಿದುಕೊಂಡು ಮತ್ತೆ ಗಿರಣಿಗೆ ಹೋಗಿ ಬಂದಳು. ಆ ಹಿಟ್ಟಿನ ಮೊದಲ ರೊಟ್ಟಿ ಹಂಚಿನ ಮೇಲೆ ಉಬ್ಬಿ ನಿಂತಾಗ ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಹೊಗೆ ಅಂದುಕೊಳ್ಳೋಣವೆಂದರೆ ನಮ್ಮದು ಗ್ಯಾಸ್ ಒಲೆ.

ರೊಟ್ಟಿಯನ್ನು ನನ್ನ ತಾಟಿಗೆ ಹಾಕುತ್ತ, "ಕುಡಚಡಿಗೆ ಹೋಗೂಣ್ರಿ" ಎಂದಳು. ಯಾಕೆ, ಕಾಣಕೋಣದ್ದೂ ತಪ್ಪಿಲ್ಲವಲ್ಲ, ಎರಡನ್ನೂ ಹೊಸ ಜೋಳ ಒಯ್ದು ಮತ್ತೊಮ್ಮೆ ನೋಡಬೇಕಲ್ಲವೇ ಎಂದೆ. ನ್ಯಾಯವಾಗಿಯೇ ಕೇಳಿದ್ದೆ.

"ಏನೂ ನೋಡೂದು ಬ್ಯಾಡ. ಕಾಕುಗ ಅವತ್ತ ಹಿಟ್ಟ ಮುಟ್ಟಿದ ಕೂಡ್ಲೇನ ಗೊತ್ತಾಗಿತ್ತು. ಮಂದ್ಯಾಗ ನಿಮ್ಮ ಮರ್ಯಾದಿ ತೆಗೀಬಾರ್ದಂತ ಸುಮ್ನಿದ್ದು, ಗಂಟ ಕಟ್ಟಿ ಕೊಟ್ಲು. ಅಂಥಾಕಿ ಬಾಜೂಕ ಇದ್ರ ನನಗ ಸಾಕು. ಕೆಂಪ ಧೂಳ ಬಂದ್ರ ಬರಲಿ." ಮುಂದಿನ ರೊಟ್ಟಿಯ ಹಿಟ್ಟು ಕೈಗೆ ತೆಗೆದುಕೊಂಡು, "ಜ್ವಾಳ ಮಾತ್ರ ಇನ್ನ ನಾನ ತರತೇನಿ" ಎಂದಳು.

ಹೀಗೆ ಮಳೆಗಾಲವಿಡೀ ನಾನು ಬಾಡಿಗೆ, ಮನೆಪಟ್ಟಿ, ಪೆಟ್ರೋಲು, ದೂಳು ಎಂದು ತೂಗಿದ್ದೆಲ್ಲ ಒಂದು ರೊಟ್ಟಿ ಬೇಯುವಷ್ಟರಲ್ಲಿ ಮುಗಿಯಿತು. ನನ್ನ ಚೀಲದ ಹುಳುಕಿಗೆ ಎರಡು ತಾಲೂಕುಗಳು ಸುಮ್ಮನೆ ಕೆಟ್ಟ ಹೆಸರು ಹೊತ್ತಿದ್ದವು. ಲುಯಿಸ್ ಬಾಬ್‌ಗೆ ಹೋಗಿ, ಮನೆ ಧಾರಾಳವಾಗಿ ಕೆಡವಬಹುದು ಎಂದು ತಿಳಿಸಿದೆ. ಪಾಪ, ಅವರು ಅಷ್ಟರಲ್ಲಿ ತೊಲೆಗಳ ದರ ವಿಚಾರಿಸಿಬಿಟ್ಟಿದ್ದರು. ಕ್ಷಮೆಯ ರೂಪದಲ್ಲಿ ಆ ಚೀಲವನ್ನು ಅವರ ಕೋಳಿಗಳಿಗೆ ಕೊಟ್ಟೆ. ಕೋಳಿಗಳು ಯಾವ ತಕರಾರೂ ಇಲ್ಲದೆ ತಿಂದವು.

ಮನೆ ಗೊತ್ತುಮಾಡಲು ಕಳೆದ ರವಿವಾರ ಮತ್ತೆ ಕುಡಚಡೆಗೆ ಹೊರಟೆವು. ರೈಲಿನ ಡಬ್ಬಿಯೆಲ್ಲ ಖಾಲಿ. ಶಾಂತವ್ವ ಹತ್ತಿದವಳೇ ಸಿಕ್ಕ ಸೀಟಿನಲ್ಲಿ ಕೂತು, ಕಾಕುವಿಗೆಂದು ಒಯ್ಯುತ್ತಿದ್ದ ರೊಟ್ಟಿಗಳ ಗಂಟನ್ನು ಮಡಿಲಲ್ಲಿಟ್ಟುಕೊಂಡಳು. ಎಡಗಡೆ ಬಿಸಿಲಿತ್ತು, ಬಲಗಡೆ ಗಾಳಿ ಹೆಚ್ಚು. ಅವಳು ಒಂದೆರಡು ಸಲ ನನ್ನನ್ನು ನೋಡಿದಳು, ಏನೂ ಹೇಳಲಿಲ್ಲ, ಕಮಲವ್ವ ಕಾಕುವಿನಿಂದ ಕಲಿತಳೋ ಏನೋ. ಕುಡಚಡೆ ಬಂದಾಗ ಇಳಿಯಲು ನಾನು ಏಳಬೇಕಾಗಲಿಲ್ಲ. ನಿಂತೇ ಇದ್ದೆ.