ಸಮುದ್ರದಲ್ಲಿ ತಪ್ಪಿದ ಎಳೆ

ಎಂಟು ವರ್ಷ ಸಮುದ್ರದ ಮೇಲೆ ಸಂಶೋಧನೆ ಮಾಡಿದ ನಾನು ಸಮುದ್ರವನ್ನು ಇನ್ನೂ ಕಣ್ಣಾರೆ ಕಂಡಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನಾನು ಕಂಡ ದೊಡ್ಡ ನೀರೆಂದರೆ ತುಂಬಿ ಬಂದಾಗಿನ ಕೃಷ್ಣೆ. ಅದಕ್ಕೂ ಆಚೆ ದಡವಿದೆ. ಆದರೂ ಜಮಖಂಡಿಯ ಕಾಲೇಜಿನಲ್ಲಿ ಎಲೆಕ್ಟ್ರಾನಿಕ್ಸ್ ಪಾಠ ಹೇಳುತ್ತ, ಬನಹಟ್ಟಿಯ ಮನೆಯಲ್ಲಿ ಕೂತು ರೇಡಾರಿನಲ್ಲಿ ದೋಣಿ ಹುಡುಕುವುದು ನನ್ನ ಪಿಎಚ್.ಡಿ. ವಿಷಯವಾಗಿತ್ತು. ರೇಡಾರ್ ಕಳಿಸಿದ ತರಂಗ ದೋಣಿಗೆ ಬಡಿದು ಮರಳುತ್ತದೆ, ಅಷ್ಟೇ. ತೊಂದರೆಯೆಂದರೆ ಅದು ಸಮುದ್ರದ ಪ್ರತಿಯೊಂದು ಅಲೆಗೂ ಬಡಿದು ಮರಳುತ್ತದೆ. ಉಕ್ಕಿನ ಹಡಗಾದರೆ ಎದ್ದು ಕಾಣುತ್ತದೆ. ಕಟ್ಟಿಗೆಯ ಸಣ್ಣ ದೋಣಿ ಒಮ್ಮೆ ಕಂಡು ಮೂರು ಸಲ ಮಾಯವಾಗುತ್ತದೆ. ಮದುವೆಮನೆಯ ಗದ್ದಲದಲ್ಲಿ ಮೂಲೆಯ ಮುದುಕಿ ಏನಂದಳೆಂದು ಕೇಳಿಸಿಕೊಂಡ ಹಾಗೆ, ಆ ದೋಣಿಯ ಜಾಡನ್ನು ಬಿಡದೆ ಹಿಡಿಯುವುದನ್ನು ನಾನು ಕಂಪ್ಯೂಟರಿಗೆ ಕಲಿಸಬೇಕಿತ್ತು.

ಸಮುದ್ರ ಇಲ್ಲದವನಿಗೆ ಸಮುದ್ರ ಕೊಟ್ಟವರು ಬೇರೆಯವರು. ಅವರು ಕರಾವಳಿಯಲ್ಲಿ ರೇಡಾರ್ ನಿಲ್ಲಿಸಿ, ಇಬ್ಬರು ಕೂತ ಒಂದು ದೋಣಿಯನ್ನು ಬೇಕೆಂದೇ ಓಡಾಡಿಸಿ, ಅದರ ದಾಖಲೆಯನ್ನು ನನ್ನಂಥವರಿಗೆ ಹಂಚಿದ್ದರು. ನನ್ನ ಕಂಪ್ಯೂಟರ್ ಎಲ್ಲ ದಿನದ ದಾಖಲೆಯಲ್ಲೂ ದೋಣಿಯನ್ನು ಹಿಡಿಯಿತು. ಕೊನೆಯ ದಿನದ್ದರಲ್ಲಿ ಮಾತ್ರ ಎರಡು ದೋಣಿ ಹಿಡಿಯಿತು. ಇಲ್ಲದ ದೋಣಿ ತೋರಿಸುವ ಕಂಪ್ಯೂಟರಿಗೆ ಯಾರೂ ಡಾಕ್ಟರೇಟ್ ಕೊಡುವುದಿಲ್ಲ. ಪ್ರಬಂಧ ಒಪ್ಪಿಸಲು ಎರಡು ಸಲ ಗಡುವು ಮುಂದೂಡಿಸಿಕೊಂಡಿದ್ದೆ. ಮೂರನೆಯದು ಸಿಗುವುದಿಲ್ಲವೆಂದು ವಿಶ್ವವಿದ್ಯಾಲಯ ಬರೆದಿತ್ತು. ಎರಡನೇ ದೋಣಿ ಹೋಗದಿದ್ದರೆ ನನ್ನ ಎಂಟು ವರ್ಷ ಹೋಗುತ್ತಿತ್ತು.

ಆ ದಿನದ ದಾಖಲೆಯನ್ನೆಲ್ಲ ಒಂದು ಉದ್ದನೆಯ ಹಾಳೆಯಲ್ಲಿ ಅಚ್ಚು ಹಾಕಿಸಿ ಪಡಸಾಲೆಯಲ್ಲಿ ಹರವಿಕೊಂಡು ಕೂತಿದ್ದೆ. ಅಡ್ಡಕ್ಕೆ ದೂರ, ಮೇಲಿನಿಂದ ಕೆಳಕ್ಕೆ ಹೊತ್ತು, ತುಂಬ ಚುಕ್ಕೆಗಳು. ನನ್ನ ಅತ್ತೆ ಗಂಗವ್ವನವರು ಬಂದು ನಿಂತರು. ಮಗ್ಗದ ಮೇಲೆಯೇ ವಯಸ್ಸು ಕಳೆದವರು. ಇಂದಿಗೂ ಓಣಿಯಲ್ಲಿ ನೇಯ್ದ ಸೀರೆಗಳು ಅವರ ಕಣ್ಣಿಗೆ ಬಿದ್ದೇ ವ್ಯಾಪಾರಿಯ ಅಂಗಡಿಗೆ ಹೋಗುತ್ತವೆ.

"ಇದ್ಯಾವ ಸೀರಿ ಡಿಸೈನ್‌ರಿ ಅಳ್ಯಾರ?" ಎಂದರು.

"ಸಮುದ್ರರಿ ಇದು."

"ಹಂಗಾರ ಸಮುದ್ರಕ್ಕ ನೇಯಾಕ ಬರೂದಿಲ್ಲ ಬಿಡ್ರಿ."

ಹಾಗೆನ್ನುತ್ತಲೇ ಹಾಳೆಯನ್ನು ಎತ್ತಿ, ಕಿಟಕಿಯ ಕಡೆ ತಿರುಗಿ, ಒಂದು ತುದಿಯನ್ನು ಮೂಗಿನ ಮಟ್ಟಕ್ಕೆ ಹಿಡಿದು, ಒಂದು ಕಣ್ಣು ಮುಚ್ಚಿ ಓರೆಯಾಗಿ ನೋಡಿದರು. ಬಟ್ಟೆಯಲ್ಲಿ ತಪ್ಪಿದ ಎಳೆಯನ್ನು ಅವರು ಹುಡುಕುವುದು ಹೀಗೆಯೇ. "ಇಲ್ಲೊಂದು ಎಳಿ ಹೊಂಟೈತಿ ನೋಡ್ರಿ. ಅದರ ಬಾಜೂಕ ಇನ್ನೊಂದ ಬರಾಕತ್ತೈತಿ."

ನಾನು ಅವರಿಗೆ ಒಂದನೆಯದನ್ನೂ ಹೇಳಿರಲಿಲ್ಲ, ಎರಡನೆಯದನ್ನೂ ಹೇಳಿರಲಿಲ್ಲ. ಅವರು ಹಿಡಿದಂತೆಯೇ ಹಿಡಿದು ನೋಡಿದೆ. ಎದುರಿನಿಂದ ಬರೀ ಚುಕ್ಕೆಯಾಗಿದ್ದವು ಓರೆಯಲ್ಲಿ ಒಂದಕ್ಕೊಂದು ಕೂಡಿಕೊಂಡು ಎರಡು ಗೆರೆಗಳಾದವು. ಅಷ್ಟರಲ್ಲಿ ಕರೆಂಟು ಹೋಗಿ ಓಣಿಯ ಪವರ್‌ಲೂಮುಗಳೆಲ್ಲ ಒಮ್ಮೆಗೇ ನಿಂತವು. ಆ ಸದ್ದಿಲ್ಲದ ಮಧ್ಯಾಹ್ನದಲ್ಲಿ ಅತ್ತೆಯವರು ಮೆಲ್ಲಗೆ, "ಇದು ನಿಂತಲ್ಲಿ ಅದೂ ನಿಂತೈತಿ" ಎಂದರು.

"ಅಲೆ ಇರಬೇಕ್ರಿ."

"ನೀರು ನಿಂತ ಕಾಯ್ತೈತೇನ್ರಿ?"

ಹೆದರಿದೆ ಎಂದರೆ ಹೆಂಡತಿ ನಗುತ್ತಾಳೆಂದು ಪುಸ್ತಕಗಳನ್ನು ತೆಗೆದು ಕೂತೆ. ಮರುದಿನ ಉತ್ತರ ಸಿಕ್ಕಿತು. ಒಂದೇ ದೋಣಿಯ ಪ್ರತಿಧ್ವನಿ ಇನ್ನೆಲ್ಲೋ ತಾಗಿ ತಡವಾಗಿ ಬಂದರೆ ಪಕ್ಕದಲ್ಲಿ ಇನ್ನೊಂದು ದೋಣಿ ಇದ್ದಂತೆ ಕಾಣುತ್ತದೆ. ದೋಣಿ ನಿಂತರೆ ಅದೂ ನಿಲ್ಲುತ್ತದೆ, ಹೊರಟರೆ ಹೊರಡುತ್ತದೆ. ಇದಕ್ಕೆ ನಮ್ಮ ಶಾಸ್ತ್ರದವರು ಭೂತವೆಂದೇ ಹೆಸರಿಟ್ಟಿದ್ದಾರೆ. ಭೂತ ಎಂದು ಓದಿ ಇಷ್ಟು ನೆಮ್ಮದಿಪಟ್ಟವನು ಜಮಖಂಡಿ ತಾಲೂಕಿನಲ್ಲಿ ನಾನೊಬ್ಬನೇ ಇರಬೇಕು. ಊಟಕ್ಕೆ ಕೂತಾಗ, ಎರಡನೆಯದು ಮೊದಲನೆಯದರ ನೆರಳೆಂದು ಅತ್ತೆಯವರಿಗೆ ತಿಳಿಸಿ ಹೇಳಿದೆ.

ಅವರು ರೊಟ್ಟಿ ಬಡಿಯುವ ಕೈಯನ್ನು ಸೆರಗಿಗೆ ಒರೆಸಿಕೊಂಡು ಹಾಳೆಯನ್ನು ಮತ್ತೆ ಎತ್ತಿದರು. ಬಹಳ ಹೊತ್ತು ನೋಡಿದರು. "ನೆರಳಾದ್ರ ಮೊದಲ ಯಾಕ ತಿರಗೈತಿ?"

ಬೆರಳಿಟ್ಟು ತೋರಿಸಿದರು. ಹಾಳೆಯ ಕೆಳಗಡೆ, ಅಂದರೆ ಆ ದಿನದ ಕೊನೆಯಲ್ಲಿ, ಎರಡನೆಯ ಗೆರೆ ಎಡಕ್ಕೆ ಬಾಗಿತ್ತು. ಅದರಿಂದ ಒಂದು ಬೆರಳಿನಷ್ಟು ಕೆಳಗೆ ಮೊದಲನೆಯದು ಬಾಗಿತ್ತು. ನೆರಳು ತಿರುಗಿದ ಮೇಲೆ ದೋಣಿ ತಿರುಗಿತ್ತು. ಸ್ವಲ್ಪ ಮುಂದೆ ಎರಡನೆಯ ಗೆರೆ ಕಡಿದುಹೋಗಿತ್ತು. ಮೊದಲನೆಯದು ಅಲ್ಲಿಯೇ ಹಿಂದೆ ಮುಂದೆ ಸುಳಿದಾಡಿ, ಕೊನೆಗೆ ಒಂಟಿಯಾಗಿ ದಡಕ್ಕೆ ಮರಳಿತ್ತು.

"ಎಳಿ ಹರದೈತಿ. ಅದರಾಗ ಯಾರ ಇದ್ದರ್ರಿ?"

"ಯಾರೂ ಇಲ್ರಿ. ದಾಖಲೆಯೊಳಗ ಒಂದ ದೋಣಿ ಅಂತ ಬರದಾರ."

"ಬರದಾವ ದ್ವಾಣ್ಯಾಗ ಇದ್ದನೇನ್ರಿ?"

ನಾನು ದಾಖಲೆ ಕೊಟ್ಟವರಿಗೆ ಬರೆದು ಕೇಳಿದೆ. ಅಂದು ಹೋದದ್ದು ಒಂದೇ ದೋಣಿ, ಉಳಿದದ್ದನ್ನು ಅಲೆಯೆಂದು ತಿಳಿಯತಕ್ಕದ್ದು ಎಂದು ಎರಡು ಸಾಲಿನ ಉತ್ತರ ಬಂತು. ದೋಣಿಯ ಇಬ್ಬರೂ ಮರಳಿದರೇ ಎಂದು ಇನ್ನೊಮ್ಮೆ ಕೇಳಿದೆ. ಅದಕ್ಕೆ ಉತ್ತರ ಬರಲಿಲ್ಲ. ನನ್ನ ಮಾರ್ಗದರ್ಶಕರಿಗೆ ಫೋನಿನಲ್ಲಿ ಆ ತಿರುವಿನ ವಿಷಯ ಹೇಳಿದರೆ, "ಏನ್ರೀ, ಆ ಭೂತಕ್ಕ ಪಿಎಚ್.ಡಿ. ಕೊಡಿಸಾವ್ರೇನು? ಆ ತುಣುಕು ತಗದ ಹಾಕ್ರಿ, ಕೆಲಸ ಮುಗಸ್ರಿ" ಎಂದರು. ನಾನು ಕೆಲಸ ಮುಗಿಸಿದೆ. ತಿರುವಿಗೆ ಸ್ವಲ್ಪ ಮೊದಲೇ ದಾಖಲೆ ಮುಗಿಯುವಂತೆ ಕತ್ತರಿಸಿದೆ. ಅಲ್ಲಿಯವರೆಗೆ ಅದು ನೆರಳೇ. ನಾನು ಬರೆದದ್ದರಲ್ಲಿ ಒಂದು ಅಕ್ಷರವೂ ಸುಳ್ಳಲ್ಲ. ಮೌಖಿಕ ಪರೀಕ್ಷೆಗೆ ಬಂದವರು ಭೂತವನ್ನು ಬಿಡಿಸಿಟ್ಟ ಅಧ್ಯಾಯವೇ ಎಲ್ಲಕ್ಕಿಂತ ಛಲೋ ಇದೆ ಎಂದು ಹೊಗಳಿದರು. ಓಣಿಗೆಲ್ಲ ಪೇಢೆ ಹಂಚಿದೆವು.

ಒಂದು ದಿನ ಮನೆಗೆ ಬಂದ ಸಹೋದ್ಯೋಗಿಗೆ ಪ್ರಬಂಧ ತೋರಿಸಲು ತೆಗೆದರೆ, ನಾನು ಕತ್ತರಿಸಿದ ಆ ದಾಖಲೆಯ ಚಿತ್ರವಿದ್ದ ಪುಟದ ಅಂಚಿಗೆ ಸೂಜಿಯಿಂದ ತೂತು ಮಾಡಿ ಒಂದು ಕೆಂಪು ದಾರ ಕಟ್ಟಿತ್ತು. ನೇಯ್ಗೆಯಲ್ಲಿ ದೋಷವಿರುವ ಸೀರೆಯ ಅಂಚಿಗೆ ಅತ್ತೆಯವರು ಹೀಗೆ ದಾರ ಕಟ್ಟಿಯೇ ಕಳಿಸುತ್ತಾರೆ, ಕೊಳ್ಳುವವರು ಮೋಸ ಹೋಗಬಾರದೆಂದು. ಸಹೋದ್ಯೋಗಿ ಅದನ್ನು ಪುಟದ ಗುರುತೆಂದುಕೊಂಡ. ನಾನೂ ಹೂಂ ಎಂದೆ. ನನಗೆ ಬಹಳ ನಾಚಿಕೆಯಾಯಿತು.

ಇನ್ನೊಂದು ಪ್ರತಿ ಕಾಲೇಜಿನ ಗ್ರಂಥಾಲಯದಲ್ಲಿದೆ. ಮೊನ್ನೆ ಯಾರೂ ಇಲ್ಲದ ಹೊತ್ತು ನೋಡಿ ಒಳಗೆ ಹೋಗಿ, ಅದೇ ಪುಟಕ್ಕೆ ತೂತು ಮಾಡಿ, ಕಿಸೆಯಲ್ಲಿ ತಂದಿದ್ದ ದಾರ ಪೋಣಿಸಿದೆ. ಮೂರು ಸಲ ಗಂಟು ಹಾಕಿದೆ, ಮೂರು ಸಲವೂ ಬಿಚ್ಚಿಕೊಂಡಿತು. ನೇಕಾರರ ಮನೆಯ ಅಳಿಯ, ಡಾಕ್ಟರೇಟ್ ಬೇರೆ. ಸಂಜೆ ಮನೆಗೆ ಹೋಗಿ, ಆ ಗಂಟು ಹಾಕುವುದು ಹೇಗೆಂದು ಅತ್ತೆಯವರನ್ನೇ ಕೇಳಬೇಕಾಯಿತು.