ಪಡಸಾಲೆಯಲ್ಲೊಂದು ರೆಕ್ಕೆ

ನಮ್ಮ ಕಾಕಾ ಇಳಕಲ್ಲಿನ ಮನೆಯೊಳಗೆ ಕೂತು ವಿಮಾನ ಕಟ್ಟಿದ ಎಂದರೆ ನೀವು ನಂಬುವುದಿಲ್ಲ. ನಂಬದಿದ್ದರೆ ನನಗೇ ಒಳ್ಳೆಯದು. ನಂಬಿದವರಿಂದಲೇ ನನ್ನ ಮಾನ ಹೋದದ್ದು. ಆಟಿಕೆಯ ವಿಮಾನವಲ್ಲ, ಹಿಂದೊಬ್ಬರು ಮುಂದೊಬ್ಬರು ಕೂತು ಹಾರುವಂಥ ಖರೆ ವಿಮಾನ! ಅದು ಹಾರಲಿಲ್ಲ, ಎಂಜಿನ್ನು ಬರಲೇ ಇಲ್ಲ. ಅದನ್ನು ಈಗಲೇ ಹೇಳಿಬಿಡುತ್ತೇನೆ, ಕೊನೆಗೆ ಹಾರೀತು ಎಂಬ ಆಸೆಯಿಂದ ಓದಬೇಡಿ. ಹಾರದೆ ಕೂತಲ್ಲೇ ಅದು ನನ್ನ ಮದುವೆಯ ಮಾತನ್ನು ಎರಡು ಸಲ ಮುರಿಯಿತು. ಮೂರನೆಯ ಸಲ ಏನಾಯಿತು ಎಂಬುದನ್ನು ಹೇಳಲಿಕ್ಕೇ ಕೂತಿದ್ದೇನೆ.

ಕಾಕಾ ಎಂದರೆ ನಮ್ಮ ಅಪ್ಪನ ತಮ್ಮ. ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮಾಸ್ತರ. ಮದುವೆ ಮಾಡಿಕೊಳ್ಳಲಿಲ್ಲ. ಯಾಕೆ ಎಂದು ಕೇಳಿದರೆ "ಪುರಸೊತ್ತು ಆಗ್ಲಿಲ್ಲ" ಎನ್ನುತ್ತಿದ್ದ. ಅಪ್ಪನದು ಪೇಟೆಯಲ್ಲಿ ಸೀರೆ ಅಂಗಡಿ. ಅಪ್ಪ ಲೆಕ್ಕದ ಮನುಷ್ಯ, ಕಾಕಾ ಲೆಕ್ಕಕ್ಕೆ ಸಿಗದ ಮನುಷ್ಯ. ಒಂದೇ ಹೊಟ್ಟೆಯಲ್ಲಿ ಹುಟ್ಟಿದವರು ಇಬ್ಬರೂ ಎಂದು ಅವ್ವ ಆಗಾಗ ಆಣೆ ಮಾಡಿ ಹೇಳಬೇಕಾಗುತ್ತಿತ್ತು.

ಅವನ ಹುಚ್ಚು ಹೇಳುವ ಮೊದಲು ನನ್ನದೂ ಒಂದು ಹೇಳಬೇಕು. ನನಗೆ ಬಸ್ಸು ಹತ್ತಿದರೆ ವಾಂತಿ. ಬಾದಾಮಿಯಲ್ಲಿ ಅಜ್ಜಿಯ ಮನೆ, ಅಲ್ಲಿಗೆ ಮುಟ್ಟುವುದರೊಳಗೆ ನಾನು ಅರ್ಧ ಆಗಿರುತ್ತಿದ್ದೆ. ಕರೆದೊಯ್ಯುವ ಕೆಲಸ ಕಾಕಾನದು. ಅವನ ಜುಬ್ಬಾದ ಒಂದು ಕಿಸೆಯಲ್ಲಿ ನನ್ನ ಟಿಕೀಟು, ಇನ್ನೊಂದರಲ್ಲಿ ನಿಂಬೆಹಣ್ಣು. ಒಮ್ಮೆ ಮುಂದಿನ ಸೀಟಿನ ಹಿರಿಯರೊಬ್ಬರ ಹೊಸ ಧೋತರದ ಮೇಲೆಯೇ ಆಗಿಹೋಯಿತು. ಕಾಕಾ ಅಮೀನಗಡದ ಸ್ಟ್ಯಾಂಡಿನ ನಳದ ಕೆಳಗೆ ಕೂತು ಅದನ್ನು ತೊಳೆದು ಹಿಂಡಿ ಕೊಟ್ಟ. ಆಮೇಲೆ ನನ್ನ ಕಡೆ ತಿರುಗಿ, "ನಿಂದೊಂದು ಏನರ ವ್ಯವಸ್ಥಾ ಮಾಡಬೇಕಲ್ಲವಾ" ಅಂದ. ದವಾಖಾನೆಗೆ ಒಯ್ದು ಸೂಜಿ ಚುಚ್ಚಿಸುತ್ತಾನೆಂದು ನಾನು ದಾರಿಯುದ್ದಕ್ಕೂ ಅತ್ತೆ.

ವಿಮಾನ ಬಂದದ್ದು ಇದಾದ ಕೆಲವು ವರ್ಷಗಳಿಗೆ. ಹಡಗಿನಲ್ಲಿ ನೌಕರಿ ಹಿಡಿದ ಹಳೆಯ ವಿದ್ಯಾರ್ಥಿಯೊಬ್ಬ ಅಮೆರಿಕದಿಂದ ನಕ್ಷೆಗಳ ಒಂದು ಕಟ್ಟು ತಂದುಕೊಟ್ಟ. ಮನೆಯಲ್ಲೇ ಕಟ್ಟಬಹುದಾದ ವಿಮಾನ! ಅದಕ್ಕೆ ಕಟ್ಟಿಗೆಯೂ ಬೇಡ, ತಗಡೂ ಬೇಡ. ಹಗುರಾದ ಫೋಮನ್ನು ಬೇಕಾದ ಆಕಾರಕ್ಕೆ ಕೊಯ್ಯುವುದು, ಅದರ ಮೇಲೆ ಗಾಜಿನ ನೂಲಿನಿಂದ ನೇಯ್ದ ಬಟ್ಟೆ ಹಾಸುವುದು, ಬಟ್ಟೆಗೆ ರಾಳ ಎಂಬ ಅಂಟು ಕಲಸಿ ಕುಡಿಸುವುದು. ಒಣಗಿದರೆ ಕೊಡಲಿಗೂ ಜಗ್ಗುವುದಿಲ್ಲವಂತೆ. ನೇಕಾರರ ಊರಿನಲ್ಲಿ ಬಟ್ಟೆಯಿಂದ ವಿಮಾನ ಮಾಡುತ್ತೇನೆ ಎಂದರೆ ಜನ ಬಿಟ್ಟಾರೆಯೇ? "ಸೆರಗು ಯಾವ ಕಡೆ ಬರ್ತೈತ್ರಿ ಮಾಸ್ತರ?" ಎಂದು ಕೇಳದವರೇ ಇಲ್ಲ.

ಗಾಜಿನ ಬಟ್ಟೆ ಬಂದ ದಿನ ಕಾಕಾ ಅದನ್ನು ಹಾಸಿ ಕತ್ತರಿಸಲಿಕ್ಕೆ ಉದ್ದನ್ನ ಜಾಗ ಹುಡುಕಿದ. ಅಪ್ಪನ ಅಂಗಡಿಯ ಗಾದಿಗಿಂತ ಉದ್ದನ್ನದು ನಮ್ಮ ವಂಶದಲ್ಲೇ ಇರಲಿಲ್ಲ. ಸೋಮವಾರ ಅಂಗಡಿ ಮುಚ್ಚಿದ್ದಾಗ ಅಲ್ಲಿಯೇ ಕತ್ತರಿಸಿದ. ಮಂಗಳವಾರ ಹುನಗುಂದದಿಂದ ಲಗ್ನದ ಜವಳಿಗೆ ಬಂದ ಇಡೀ ಕುಟುಂಬ ಆ ಗಾದಿಯ ಮೇಲೆ ಕೂತು ಸೀರೆ ನೋಡಿತು. ಕಣ್ಣಿಗೆ ಕಾಣದ ಗಾಜಿನ ಎಳೆಗಳು ತಮ್ಮ ಕೆಲಸ ಮಾಡಿದವು. ಮೊದಲು ಮದುಮಗಳು ಕೆರೆದುಕೊಂಡಳು, ಆಮೇಲೆ ಅವಳ ತಾಯಿ, ಆಮೇಲೆ ಮಾನ ಮರ್ಯಾದೆ ಮರೆತು ಎಲ್ಲರೂ. ಆ ಅಂಗಡಿಯ ಸೀರೆ ಉಟ್ಟರೆ ತುರಿಸುತ್ತದೆ ಎಂಬ ಮಾತು ಹುನಗುಂದದಲ್ಲಿ ಹಬ್ಬಿತು. ಅಪ್ಪ ಕಾಕಾನ ಸಂಗಡ ಒಂದು ತಿಂಗಳು ಮಾತು ಬಿಟ್ಟ. ಕಾಕಾನಿಗೆ ಅದು ಗೊತ್ತಾಗಲೇ ಇಲ್ಲ.

ಫೋಮು ಕೊಯ್ಯುವುದು ಇನ್ನೊಂದು ಅವತಾರ. ಅದಕ್ಕೆ ಕರಗಸ ಬಾರದು. ಬಿಲ್ಲಿಗೆ ಕಟ್ಟಿದ ತಂತಿಗೆ ಕರೆಂಟು ಕೊಟ್ಟು ಕಾಯಿಸಿ, ಆಚೆಗೊಬ್ಬರು ಈಚೆಗೊಬ್ಬರು ಹಿಡಿದು, ಬೆಣ್ಣೆ ಕೊಯ್ದಂತೆ ಎಳೆಯಬೇಕು. ಒಬ್ಬರು ಮುಂದಾಗಿ ಒಬ್ಬರು ಹಿಂದಾದರೆ ರೆಕ್ಕೆ ಸೊಟ್ಟ. ಅದಕ್ಕೇ ಎರಡೂ ತುದಿಗೆ ಅಂಕಿ ಬರೆದು, ಒಂದೊಂದನ್ನೇ ಗಟ್ಟಿಯಾಗಿ ಕೂಗುತ್ತ ಸರಿಯಬೇಕು. ಒಂದು ತುದಿ ಕಾಕಾನದು, ಇನ್ನೊಂದು ತುದಿ, ಪಾಪ, ಅವ್ವನದು.

"ಮೂವತ್ತೈದು," ಕಾಕಾ ಕೂಗುತ್ತಿದ್ದ.

"ಮೂವತ್ತೈದು," ಅವ್ವ ಅನ್ನುತ್ತಿದ್ದಳು. "ಲಗೂ ಮುಗಸಪಾ, ಒಲಿ ಮ್ಯಾಲೆ ಬ್ಯಾಳಿ ಐತಿ."

"ವೈನಿ, ತಂತಿ ಸಡ್ಲ ಬಿಡಬ್ಯಾಡ್ರಿ. ಮೂವತ್ತಾರು."

ಒಂದು ದಿನ ಮೂವತ್ತೇಳಕ್ಕೆ ಕೊಯ್ಯುವುದು ಮುಗಿಯಿತು. ಕಿಟಕಿಯಾಚೆ ಹಾದುಹೋಗುತ್ತಿದ್ದವನೊಬ್ಬ ಅದನ್ನು ಕೇಳಿಸಿಕೊಂಡ. ಮರುದಿನ ಮಟಕಾದಲ್ಲಿ ಅದೇ ನಂಬರು ಹತ್ತಿತು! ಆ ಮೇಲೆ ನಮ್ಮ ಓಣಿಯ ಕಥೆ ಕೇಳಬೇಡಿ. ತಂತಿ ಕಾದ ವಾಸನೆ ಬಂದರೆ ಸಾಕು, ಕಿಟಕಿಯ ಕೆಳಗೆ ಗಂಡಸರ ಸಂತೆ. ನಾನು ಸಾಲಿಯಿಂದ ಬರುವಾಗ "ಏ ತಂಗಿ, ಅವ್ವಾರು ಎಷ್ಟಕ್ಕ ನಿಂತ್ರು?" ಎಂದು ಕೇಳುವವರು. ಕೊನೆಗೆ ಮನೆಯಲ್ಲಿ ಮಟಕಾ ನಡೆಸುತ್ತಾರೆಂದು ಯಾರೋ ಚಾಡಿ ಹೇಳಿ, ಪೋಲೀಸ ಜಮಾದಾರನೊಬ್ಬ ಬಂದ. ಎಲ್ಲ ತಡಕಿದ. ರೆಕ್ಕೆ ನೋಡಿದ, ನಕ್ಷೆ ನೋಡಿದ, ಅವ್ವ ಕೊಟ್ಟ ಚಹಾ ಕುಡಿದ. ನಮ್ಮ ತಪ್ಪಿಲ್ಲ ಎಂದು ಒಪ್ಪಿಕೊಂಡು ಹೊಸ್ತಿಲು ದಾಟಿದವನು ತಿರುಗಿ ಬಂದು, ಕಾಕಾನ ಕಿವಿಯಲ್ಲಿ, "ನಾಳೆ ಎಷ್ಟಕ್ಕ ಮುಗಸ್ತೀರಿ, ಮಾಸ್ತರ?" ಎಂದು ಕೇಳಿದ.

ಇವೆಲ್ಲಕ್ಕಿಂತ ದೊಡ್ಡ ಪೀಡೆ ಆ ರಾಳ. ಅದರ ವಾಸನೆ ಅಕ್ಕಿಯ ಡಬ್ಬಿಯಲ್ಲೂ ಇತ್ತು, ನನ್ನ ಜಡೆಯಲ್ಲೂ ಇತ್ತು. ಕಾಲೇಜಿನಲ್ಲಿ ಗೆಳತಿಯರು ಪಕ್ಕಕ್ಕೆ ಕೂತರೆ ನಾನೇ ದೂರ ಸರಿಯುತ್ತಿದ್ದೆ. ಮನೆಯೊಳಗೆ ಕಾಲಿಡುವಾಗ ಸೆರಗಿನಿಂದ ಮೂಗು ಮುಚ್ಚಿಕೊಳ್ಳುವುದು ನನಗೆ ರೂಢಿಯೇ ಆಗಿತ್ತು. ಮೇಲಾಗಿ ರಾಳ ಕಲಸಿದ ಮೇಲೆ ಅದು ಯಾರನ್ನೂ ಕಾಯುವುದಿಲ್ಲ, ಸ್ವಲ್ಪ ಹೊತ್ತಿನಲ್ಲೇ ಡಬ್ಬಿಯೊಳಗೇ ಕಲ್ಲಾಗುತ್ತದೆ. ಹೀಗಾಗಿ ಕಲಸಿ ಕೂತನೆಂದರೆ ಕಾಕಾ ಯಾರಿಗೂ ಏಳುತ್ತಿರಲಿಲ್ಲ. ಬಾದಾಮಿ ಕಡೆಯ ಮಠದ ಅಜ್ಜಾರು ನಮ್ಮ ಮನೆಗೆ ಪಾದ ಬೆಳೆಸಿದ ದಿನ ಇಡೀ ಓಣಿ ಅಡ್ಡಬಿದ್ದಿತ್ತು. ಕಾಕಾ ಮಾತ್ರ ಕೂತಲ್ಲಿಂದಲೇ, "ರಾಳ ಕಲಸೀನ್ರಿ ಅಜ್ಜಾರ, ಏಳಾಕ ಆಗೂದಿಲ್ಲ" ಅಂದ. ನಾನು ಕಂಬದ ಹಿಂದೆ ಅಡಗಿದೆ. ಅಜ್ಜಾರು ಅವನನ್ನು ಸ್ವಲ್ಪ ಹೊತ್ತು ನೋಡಿ, "ಏಳಬ್ಯಾಡಪಾ. ಕಾಯಕದಾಗ ಕುಂತವರನ್ನ ಎಬ್ಬಿಸೂ ಹಕ್ಕು ನಮಗೂ ಇಲ್ಲ" ಎಂದು ಮುಂದೆ ನಡೆದರು. ಓಣಿಯವರಿಗೆ ಅದೂ ನಗೆಯೇ ಆಯಿತು.

ಇಂಥ ಮನೆಯ ಹುಡುಗಿಯನ್ನು ಯಾರು ಮಾಡಿಕೊಳ್ಳುತ್ತಾರೆ? ಹುನಗುಂದದ ಒಂದು ಸಂಬಂಧ ತುರಿಕೆಯ ಸುದ್ದಿ ಕೇಳಿಯೇ ಹಿಂದಕ್ಕೆ ಹೋಯಿತು. ಇನ್ನೊಬ್ಬರು ಬಂದು, "ಇದು ನಿಮ್ಮ ಮನೆತನದಾಗ ಮೊದಲಿಂದಾನೂ ಐತೇನ್ರಿ?" ಎಂದು ಮೆಲ್ಲಗೆ ಕೇಳಿ ಹೋದರು, ರೋಗದ ಬಗ್ಗೆ ಕೇಳುವ ದನಿಯಲ್ಲಿ. ಮೂರನೆಯದು ಬಾಗಲಕೋಟೆಯ ಸಂಬಂಧ. ತಂದೆ ಅಡತಿ ವ್ಯಾಪಾರಸ್ಥರು, ಜೋಳ ತೂಗಿ ಜೀವನ ಮಾಡಿದವರು. ಹುಡುಗ ಬ್ಯಾಂಕಿನಲ್ಲಿ ಕಾರಕೂನ. ಇದೂ ತಪ್ಪಿದರೆ ನಾಲ್ಕನೆಯದು ಬರುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ನಾನು ಅವ್ವನಿಗೆ, "ಆ ದಿನ ಕಾಕಾನ್ನ ಎಲ್ಲಿಗ್ಯರ ಕಳಸಬೇ" ಅಂದೆ. ಬಾಗಿಲಾಚೆ ಕಾಕಾ ಇದ್ದ. "ನಾ ಬಾಯಿ ತೆಗಿಯೂದಿಲ್ಲವಾ, ಸುಮ್ಮನ ಮೂಲ್ಯಾಗ ಕುಂದರ್ತೇನಿ" ಅಂದ.

ತೊಂದರೆ ಪಡಸಾಲೆಯದು. ಆಗಷ್ಟೇ ಮುಗಿದ ಒಂದು ರೆಕ್ಕೆಯನ್ನು ಕಾಕಾ ಅಲ್ಲಿ ಬೋರಲು ಮಾಡಿ, ಒಂದು ತುದಿಯನ್ನು ಗೋಡೆಯ ತೊಲೆಗೆ ಬಿಗಿದು, ಇನ್ನೊಂದನ್ನು ಗಾಳಿಯಲ್ಲಿ ಬಿಟ್ಟಿದ್ದ. ಅದರ ಮೇಲೆ ಜೋಳದ ಚೀಲಗಳನ್ನಿಟ್ಟು ಎಷ್ಟು ಭಾರ ತಡೆಯುತ್ತದೆ ಎಂದು ನೋಡುವವನಿದ್ದ. ಬಿಚ್ಚಬೇಕೆಂದರೆ ಒಂದು ದಿನ ಬೇಕು. ಬೀಗರು ಹೇಳಿದ್ದಕ್ಕಿಂತ ಮುಂಚಿನ ಬಸ್ಸಿಗೇ ಬಂದುಬಿಟ್ಟರು. ಅವ್ವ ಗಾಬರಿಯಲ್ಲಿ ರೆಕ್ಕೆಯ ಮೇಲೆ ಜಮಖಾನೆ ಹಾಸಿ, "ಕುಂದರ್ರಿ, ಕುಂದರ್ರಿ" ಅಂದಳು. ಬೇಡ ಎನ್ನಬೇಕಾದ ಕಾಕಾ ಯಾಕೋ ತಾನೇ ಕೈ ಹಿಡಿದು ಕೂರಿಸಿದ.

ಬೀಗರು ಭಾರೀ ಆಳು. ಬೀಗಿತಿ ಅವರಿಗೆ ಕಡಿಮೆಯಿಲ್ಲ. ಹುಡುಗ, ಅವನ ಸೋದರಮಾವ, ಎಲ್ಲರೂ ಸಾಲಾಗಿ ಕೂತರು. ನಾನು ಶಿರಾ ತಟ್ಟೆ, ಚಹಾ ಕೊಟ್ಟು ಚಾಪೆಯ ಮೇಲೆ ಕೂತೆ. "ಒಂದು ವಚನ ಹಾಡವಾ" ಎಂದರು. ಹಾಡಲು ಬಾಯಿ ತೆರೆದು ಕಣ್ಣೆತ್ತಿದರೆ, ಕಾಕಾ ಮೂಲೆಯಲ್ಲಿ ಕುಕ್ಕರಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ರೆಕ್ಕೆಯ ತುದಿಯನ್ನೂ ಅದರ ಹಿಂದಿನ ಕಂಬದ ಮೇಲೆ ಎಳೆದ ಗೆರೆಯನ್ನೂ ನೋಡುತ್ತಿದ್ದಾನೆ! ನನ್ನ ಶ್ರುತಿ ಅಲ್ಲಿಯೇ ಹೋಯಿತು. ನಾನು ಎರಡನೆಯ ಸಾಲಿಗೆ ಬರುವಷ್ಟರಲ್ಲಿ, ಬಾಯಿ ತೆಗೆಯುವುದಿಲ್ಲ ಎಂದವನು ತೆಗೆದ.

"ಅಕ್ಕಾರ, ನೀವು ಒಂಚೂರು ಆ ತುದಿಗೆ ಸರೀತೀರೇನ್ರಿ? ಅಲ್ಲಿ ಗಾಳಿ ಚಲೋ ಬರ್ತೈತಿ."

ಬೀಗಿತಿ ಸರಿದರು. ತುದಿ ಎರಡು ಬೆರಳು ಕೆಳಗಿಳಿಯಿತು. "ಭೇಷ್," ಎಂದ ಕಾಕಾ. ಅದು ನನ್ನ ಹಾಡಿಗಲ್ಲ ಎಂದು ಎಲ್ಲರಿಗೂ ತಿಳಿಯಿತು.

"ಏನ್ ನೋಡಾಕತ್ತೀರಿ ಮಾಸ್ತರ?" ಬೀಗರು ಕೇಳಿದರು.

ಕಾಕಾನಿಗೆ ಸುಳ್ಳು ಹೇಳಲು ಬರುತ್ತಿರಲಿಲ್ಲ. "ನೀವು ಕುಂತದ್ದು ವಿಮಾನದ ರೆಕ್ಕೀರಿ. ಜೋಳದ ಚೀಲ ಇಟ್ಟು ನೋಡಾಂವ ಇದ್ದೆ. ನೀವು ಬಂದ್ರಿ."

ಬೀಗಿತಿ ಎದ್ದೇಬಿಟ್ಟರು. ತುದಿ ಮೇಲಕ್ಕೆ ಜಿಗಿದು ಹುಡುಗನ ಚಹಾ ಅಂಗಿಯ ಮೇಲಾಯಿತು. ಅಪ್ಪ ತಲೆಯ ಮೇಲೆ ಕೈ ಹೊತ್ತ. ನೆಲ ಬಾಯಿ ಬಿಟ್ಟರೆ ಇಳಿದುಹೋಗಬಾರದೇ ಎನ್ನಿಸಿತು ನನಗೆ. ಬೀಗರು ಮಾತ್ರ ಏಳಲಿಲ್ಲ. ಜಮಖಾನೆಯ ಅಂಚು ಎತ್ತಿ, ಬೆರಳ ಗೆಣ್ಣಿನಿಂದ ರೆಕ್ಕೆಯನ್ನು ಎರಡು ಸಲ ಬಡಿದು ನೋಡಿದರು.

"ಮುರೀತೈತೇನು?"

"ನಿಮ್ಮಂಥವರು ಇನ್ನಿಬ್ಬರು ಕುಂತ್ರೂ ಮುರಿಯೂದಿಲ್ರಿ."

"ಹಂಗಾರ ಇನ್ನೊಂದು ಕಪ್ ಚಹಾ ತರ್ರಿ," ಎಂದು ಅಲ್ಲಿಯೇ ಕೂತರು.

ಹೋಗುವಾಗ ಹೂಂ ಎನ್ನಲಿಲ್ಲ, ಊಹೂಂ ಎನ್ನಲಿಲ್ಲ. ನಾನು ಅನ್ನ ನೀರು ಬಿಟ್ಟು ಮಲಗಿದೆ. ಕಾಕಾ ಆ ವಾರ ರಾಳದ ಡಬ್ಬಿ ಮುಟ್ಟಲಿಲ್ಲ. ಮುಂದಿನ ವಾರ ಬಾಗಲಕೋಟೆಯಿಂದ ಬಂದ ವ್ಯಾಪಾರಿಯೊಬ್ಬರ ಕೈಯಲ್ಲಿ ಬೀಗರು ಮಾತು ಹೇಳಿ ಕಳಿಸಿದ್ದರು: "ಒಂದು ರೆಕ್ಕೀನ ಇಷ್ಟು ತೂಗಿ ನೋಡೂ ಮನಿ, ಮಗಳನ್ನ ಹಗುರಾಗಿ ಬೆಳಸಿರೂದಿಲ್ಲ. ಲಗ್ನಕ್ಕ ದಿನಾ ನೋಡ್ರಿ." ಅವ್ವ ದೇವರ ಮುಂದೆ ದೀಪ ಹಚ್ಚಿದಳು. ನಾನು ಮಾತ್ರ ಇನ್ನೂ ಹೆದರಿಯೇ ಇದ್ದೆ. "ಲಗ್ನದಾಗ ಬೀಗರ ಮಂದಿ ಮುಂದ ವಿಮಾನದ ಸುದ್ದಿ ತೆಗೀಬ್ಯಾಡ ಕಾಕಾ" ಎಂದು ಕೈಮುಗಿದೆ. ಅವನು ತೆಗೆಯಲಿಲ್ಲ. ಬೇರೆ ಸುದ್ದಿ ಅವನ ಹತ್ತಿರ ಇರಲಿಲ್ಲವಾದ್ದರಿಂದ ಇಡೀ ಮದುವೆಯಲ್ಲಿ ಯಾರೊಡನೆಯೂ ಮಾತಾಡಲಿಲ್ಲ. ಎಲೆ ಹಾಕಿದ, ನೀರು ಬಡಿಸಿದ, ಚಪ್ಪಲಿ ಕಾಯ್ದ. ಬೀಗರ ಕಡೆಯವರು ಮಾಸ್ತರರು ಮೂಕರೆಂದು ತಿಳಿದರು.

ಮರುದಿನ ಮುಂಜಾನೆ ನನ್ನನ್ನು ಕಳಿಸುವ ಹೊತ್ತಿಗೆ ಕಾಕಾ ಎಲ್ಲೂ ಇಲ್ಲ. ಉಡಿ ತುಂಬಿದ್ದಾಯಿತು, ಅತ್ತದ್ದಾಯಿತು, ಬಸ್ಸಿಗೆ ಹೊತ್ತಾಗುತ್ತದೆ ಎಂದು ಬೀಗರು ಅವಸರ ಮಾಡಿದರು. ನಾನು ಹಿತ್ತಲಿಗೆ ಓಡಿದೆ. ಅಲ್ಲಿ ತಗಡಿನ ಚಪ್ಪರದ ಕೆಳಗೆ ವಿಮಾನದ ಒಡಲು ನಿಂತಿತ್ತು. ನಾಚಿಕೆಯಿಂದ ನಾನು ಅದರ ಹತ್ತಿರ ಹೋಗಿ ವರ್ಷಗಳೇ ಆಗಿದ್ದವು. ಕಾಕಾ ಅದರ ಮುಂದಿನ ಸೀಟಿನಲ್ಲಿ ನನಗೆ ಬೆನ್ನು ಮಾಡಿ ಕೂತಿದ್ದ.

"ಕಾಕಾ, ಹೊಂಟೇನಿ."

"ಹೋಗಿ ಬಾರವಾ," ಎಂದ, ತಿರುಗದೆ. "ರಾಳ ಕಲಸೀನಿ, ಏಳಾಕ ಆಗೂದಿಲ್ಲ."

ಕಾಲು ಮುಟ್ಟೋಣವೆಂದರೆ ಕಾಲು ವಿಮಾನದ ಮೂತಿಯೊಳಗಿದ್ದವು. ಬಗ್ಗಿ ನೋಡಿದೆ. ಅವನ ಕೈಯಲ್ಲಿ ಡಬ್ಬಿ ಇತ್ತು. ಅದು ಒಣಗಿತ್ತು, ಬ್ರಷ್ಷೂ ಒಣಗಿತ್ತು. ನನ್ನ ಕಣ್ಣು ಹಿಂದಿನ ಸೀಟಿನ ಮೇಲೆ ಬಿತ್ತು. ಅದರ ಬಲಗಡೆಯ ಗೋಡೆಯಲ್ಲಿ, ಗಾಜಿನ ಬಟ್ಟೆ ಹಾಸುವಾಗಲೇ ಒತ್ತಿ ಮಾಡಿದ ಒಂದು ಸಣ್ಣ ದುಂಡನೆಯ ಕುಣಿ ಇತ್ತು. ಅದರೊಳಗೆ ಅಳೆದಂತೆ ಒಂದು ನಿಂಬೆಹಣ್ಣು ಕೂತಿತ್ತು.

"ಇದು ಏನು ಕಾಕಾ?"

"ಬಸ್ಸಿಗೆ ಒಂದು ಇರ್ಲಿ, ತೊಗೊಂಡ್ ಹೋಗು."

"ಅಲ್ಲ, ಈ ಕುಣಿ."

ಕಾಕಾ ಒಣಗಿದ ಬ್ರಷ್ಷನ್ನು ಡಬ್ಬಿಯ ಅಂಚಿಗೆ ತಿಕ್ಕಿದ. "ಮ್ಯಾಲ ಹೋದ್ರೂ ನಿಂದೇನು ವಾಂತಿ ತಪ್ಪೂದಿಲ್ಲವಾ," ಅಂದ.

ಹಣ್ಣು ತೆಗೆದುಕೊಂಡು ಬಂದೆ. ಆ ದಿನ ಬಸ್ಸಿನಲ್ಲಿ ನನಗೆ ಏನೂ ಆಗಲಿಲ್ಲ ಎಂದು ಬರೆದಿದ್ದರೆ ಚೆನ್ನಾಗಿರುತ್ತಿತ್ತು. ಆಯಿತು, ಹುನಗುಂದ ಬರುವ ಮೊದಲೇ. ಹೊಸ ಅತ್ತೆ ಬೆನ್ನು ತಿಕ್ಕುತ್ತ, "ನಿಂಬಿಹಣ್ಣು ಮೂಸವಾ, ಮೂಸು" ಅಂದರು. ಮೂಸಿದೆ. ಅದು ನಿಂಬೆಹಣ್ಣಿನ ವಾಸನೆ ಆಗಿರಲಿಲ್ಲ. ಕಾಕಾನ ಕೈಯ ರಾಳದ ವಾಸನೆ ಅದರ ತುಂಬ ಹತ್ತಿತ್ತು. ಯಾವ ವಾಸನೆಗೆ ಇಷ್ಟು ವರ್ಷ ನಾಚಿ ಸೆರಗು ಅಡ್ಡ ಹಿಡಿದಿದ್ದೆನೋ, ಅದನ್ನೇ ಎರಡೂ ಕೈಯಲ್ಲಿ ಮೂಗಿಗೆ ಒತ್ತಿ ಹಿಡಿದುಕೊಂಡು ಬಾಗಲಕೋಟೆ ಮುಟ್ಟಿದೆ.